ಎರಡು ಸಲ ಏರಿದ 18 ಕಿಲೋ ಹತ್ತಿ

ಬಟವಾಡೆಯ ದಿನ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಒಂದು ಊರು. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಗುಡಿಕಟ್ಟೆಯ ಮೇಲೆ ಕೂತಿದ್ದರು. ಲೆಕ್ಕ ಬರೆಯುವ ಅಕ್ಕ ಒಬ್ಬೊಬ್ಬರನ್ನೇ ಕರೆದು ವಾರದ ಕಿಲೋ ಎಷ್ಟು, ಕೂಲಿ ಎಷ್ಟು ಎಂದು ಓದಿ ಹೇಳಿ ದುಡ್ಡು ಕೊಡುತ್ತಿದ್ದರು. ವಯಸ್ಸಾದ ತಾಯಿಯೊಬ್ಬರು ನೋಟು ಎಣಿಸಿದರು, ಇನ್ನೊಮ್ಮೆ ಎಣಿಸಿದರು, ಆಮೇಲೆ ಎದ್ದು ಬಂದರು.

"ಯವ್ವಾ, ನನಗ ಹೆಚ್ಚಿಗಿ ಬಂದೈತಿ ನೋಡು. ಇಷ್ಟು ನಾ ಬಿಡಿಸಿಲ್ಲ."

ಟ್ಯಾಬ್ ತೆಗೆದು ನೋಡಿದರೆ ಮಂಗಳವಾರ ಮಧ್ಯಾಹ್ನದ 18 ಕಿಲೋ ಎರಡು ಸಲ ಏರಿತ್ತು. ಹೊಲ, ಗುಂಪು, ತೂಕ ಎಲ್ಲವೂ ಅವೇ. ಆ ಆ್ಯಪ್ ಬರೆದವನು ನಾನು, ಅವತ್ತು ಅಲ್ಲೇ ಕೂತಿದ್ದೆ. ಹೆಚ್ಚು ಬಂದದ್ದನ್ನು ಆ ತಾಯಿ ತಾವಾಗಿ ಹೇಳಿದರು. ಆದರೆ ಒಬ್ಬರ ಲೆಕ್ಕ ಹೆಚ್ಚಾಗಬಹುದಾದರೆ ಇನ್ನೊಬ್ಬರದು ಕಡಿಮೆಯೂ ಆಗಿರಬಹುದು ಎಂಬ ಯೋಚನೆ ಕಟ್ಟೆಯ ಮೇಲಿದ್ದ ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಆ ಒಂದು ಸಾಲು ಎರಡಾದದ್ದು ಹೇಗೆ, ಅದನ್ನು ಸರಿಪಡಿಸಲು ಹೋಗಿ ಇನ್ನೇನೇನು ಸಿಕ್ಕಿತು ಎಂಬುದು ಈ ಪ್ರಕರಣ.

ಹಿನ್ನೆಲೆ ಇಷ್ಟು. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟುವ ಸಿಂಧನೂರು, ಮಾನ್ವಿ ಕಡೆ ಭತ್ತ ಹೆಚ್ಚು. ಎರೆ ಹೊಲ ಇದ್ದಲ್ಲಿ ಹತ್ತಿ, ತೊಗರಿ. ಹತ್ತಿ ಅರಳಿದ ಮೇಲೆ ಬಿಡಿಸುವ ಕೆಲಸ ಬಹುಪಾಲು ಹೆಣ್ಣುಮಕ್ಕಳದ್ದು. ನಾವು ಕೆಲಸ ಮಾಡಿದ ಊರುಗಳಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿತ್ತು. ಮಧ್ಯಾಹ್ನ ಊಟಕ್ಕೆ ಮೊದಲು ಒಂದು ತೂಕ, ಹೊತ್ತು ಮುಳುಗುವ ಮುಂಚೆ ಇನ್ನೊಂದು. ಗುಂಪಿಗೊಬ್ಬ ಮುಂದಾಳು, ಅವರ ಕೈಯಲ್ಲಿ ತೂಗುಹಾಕುವ ಕಾಟಾ ಮತ್ತು ಒಂದು ನೋಟ್‌ಬುಕ್. ಬೆವರಿಗೆ, ಇಬ್ಬನಿಗೆ ಆ ಹಾಳೆಗಳು ಒದ್ದೆಯಾಗಿ ಅಂಕಿ ಅಳಿಸಿಹೋಗಿ ಪ್ರತಿ ವಾರ ಜಗಳ. ಒಂದು ಮಹಿಳಾ ಒಕ್ಕೂಟದವರು ಬಂದು, ಐದು ಗುಂಪುಗಳ ಲೆಕ್ಕವನ್ನು ಫೋನಿನಲ್ಲಿ ಬರೆಯುವಂತೆ ಮಾಡಿಕೊಡಿ ಎಂದು ಕೇಳಿದರು. ಐದು ಗುಂಪಿಗೆ ಐದು ಫೋನು, ಲೆಕ್ಕದ ಅಕ್ಕನಿಗೆ ಒಂದು ಟ್ಯಾಬ್, ಊರಾಚೆ ಎಲ್ಲೋ ಒಂದು ಸರ್ವರ್, ಅದರಲ್ಲಿ ಲೆಕ್ಕದ ಸಾಲುಗಳನ್ನು ಇಡುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್.

ವೆಬ್ ಆ್ಯಪನ್ನೇ ಆರಿಸಿದ್ದಕ್ಕೆ ಕಾರಣ ಸರಳ. ಫೋನುಗಳೆಲ್ಲ ಅವರವರ ಮನೆಯವು. ಒಂದೊಂದು ಒಂದೊಂದು ಬಗೆ, ಎಲ್ಲದರಲ್ಲೂ ಜಾಗ ಕಮ್ಮಿ. ವಾಟ್ಸ್ಆ್ಯಪಿನಲ್ಲಿ ಒಂದು ಲಿಂಕ್ ಕಳಿಸಿದರೆ ಸಾಕು. ಒಕ್ಕೂಟದ ಕಚೇರಿಯಲ್ಲಿ ನೆಟ್ ಇರುವಾಗ ಒಮ್ಮೆ ತೆರೆದು ಮುಖಪರದೆಗೆ ಸೇರಿಸಿಕೊಂಡರೆ ಸರ್ವಿಸ್ ವರ್ಕರ್ ಎಂಬ, ಬ್ರೌಸರಿನ ಹಿನ್ನೆಲೆಯಲ್ಲಿ ನಡೆಯುವ ತುಣುಕು ಪುಟ, ಶೈಲಿ, ಕೋಡ್ ಎಲ್ಲವನ್ನೂ ಫೋನಿನಲ್ಲಿಟ್ಟುಕೊಳ್ಳುತ್ತದೆ, ಹೊಲದಲ್ಲಿ ನೆಟ್ ಇಲ್ಲದಿದ್ದರೂ ಪುಟ ತೆರೆಯುತ್ತದೆ. ಇದಕ್ಕೆ ಎಚ್‌ಟಿಟಿಪಿಎಸ್, ಅಂದರೆ ಸುರಕ್ಷಿತ ಸಂಪರ್ಕ, ಕಡ್ಡಾಯ. ಇಷ್ಟು ಭಾಗ ಒಂದೇ ವಾರದಲ್ಲಿ ಮುಗಿಯಿತು, ಆಮೇಲೂ ಹೆಚ್ಚು ಕಾಡಲಿಲ್ಲ.

ಕಾಡಿದ್ದು ತೂಕದ ಸಾಲುಗಳು. ಮೊದಲ ಆವೃತ್ತಿಯಲ್ಲಿ ನಾನು ನೆಟ್ ಇರುವುದೇ ಸಹಜ, ಇಲ್ಲದಿರುವುದು ಆಪತ್ತು ಎಂದುಕೊಂಡು ಬರೆದಿದ್ದೆ. 'ಉಳಿಸು' ಒತ್ತಿದರೆ ಸಾಲು ನೇರ ಸರ್ವರಿಗೆ ಹೋಗಬೇಕು. ಹೋಗದಿದ್ದರೆ ಲೋಕಲ್‌ಸ್ಟೋರೇಜ್ ಎಂಬ, ಬ್ರೌಸರಿನೊಳಗಿನ ಚಿಕ್ಕ ಜಾಗದ ಒಂದು ಪಟ್ಟಿಗೆ ಸೇರಬೇಕು. ಬ್ರೌಸರ್ 'ಆನ್‌ಲೈನ್' ಎಂದು ಹೇಳಿದಾಗ ಪಟ್ಟಿಯಲ್ಲಿರುವುದನ್ನು ಮತ್ತೆ ಕಳಿಸಬೇಕು. ಮೇಜಿನ ಮೇಲೆ ಇದು ಚೆನ್ನಾಗಿಯೇ ನಡೆಯುತ್ತಿತ್ತು.

ಹೊಲದಲ್ಲಿ ಕಂಡದ್ದೇ ಬೇರೆ. ಫೋನಿನ ಮೇಲೆ ಎರಡು ಕಡ್ಡಿ ಸಿಗ್ನಲ್ ಇರುತ್ತದೆ, ಡೇಟಾ ಮಾತ್ರ ಹರಿಯುವುದಿಲ್ಲ. ಬ್ರೌಸರ್ ಹೇಳುವ 'ಆನ್‌ಲೈನ್' ಎಂದರೆ ಫೋನು ಯಾವುದೋ ಜಾಲಕ್ಕೆ ಅಂಟಿಕೊಂಡಿದೆ ಎಂದಷ್ಟೇ ಅರ್ಥ, ನಮ್ಮ ಸರ್ವರ್ ಸಿಗುತ್ತದೆ ಎಂದಲ್ಲ. ಕೋಡಿನಿಂದ ಕಳಿಸುವ ಕೋರಿಕೆಗೆ ನಾವೇ ಕಾಲಮಿತಿ ಹಾಕದಿದ್ದರೆ ಅದು ಬಹಳ ಹೊತ್ತು ಸುಮ್ಮನೆ ನೇತಾಡುತ್ತದೆ. ಒಬ್ಬರ ತೂಕ ಉಳಿಯುವ ತನಕ ಹತ್ತಿಪ್ಪತ್ತು ಜನ ತಲೆಯ ಮೇಲೆ ಗಂಟು ಹೊತ್ತು ಬಿಸಿಲಲ್ಲಿ ನಿಲ್ಲಬೇಕಾಗುತ್ತಿತ್ತು. "ಸರ್ರ, ಇದಕ್ಕಿಂತ ನನ್ನ ಪೆನ್ನ ಚಲೋ ಇತ್ರಿ" ಎಂದರು ಒಬ್ಬ ಮುಂದಾಳು. ಅವರು ಹೇಳಿದ್ದು ಸರಿಯೇ ಇತ್ತು.

18 ಕಿಲೋ ಎರಡಾದದ್ದೂ ಇದೇ ನೇತಾಟದಲ್ಲಿ. ಸಾಲು ಸರ್ವರಿಗೆ ತಲುಪಿತು, ಡೇಟಾಬೇಸಿನಲ್ಲಿ ಸೇರಿತು, 'ಬಂತು' ಎಂಬ ಉತ್ತರ ಮಾತ್ರ ಮರಳಿ ಫೋನಿಗೆ ಮುಟ್ಟಲಿಲ್ಲ. ಹೋಗಲೇ ಇಲ್ಲ ಎಂದುಕೊಂಡ ಫೋನು ಸಂಜೆ ಮತ್ತೆ ಕಳಿಸಿತು. ಸರ್ವರ್ ಅದನ್ನು ಹೊಸ ತೂಕವೆಂದು ತಿಳಿದು ಹೊಸ ಸಂಖ್ಯೆ ಕೊಟ್ಟು ಬರೆದುಕೊಂಡಿತು. ಕೋರಿಕೆ ಹೋಗುವ ದಾರಿಯಲ್ಲಿ ಕಳೆಯಿತೋ, ಉತ್ತರ ಬರುವ ದಾರಿಯಲ್ಲಿ ಕಳೆಯಿತೋ ಎಂಬುದನ್ನು ಫೋನು ತಿಳಿಯಲಾರದು. ಆದ್ದರಿಂದ ಮತ್ತೆ ಕಳಿಸುವುದನ್ನು ತಪ್ಪಿಸಲಾಗದು. ನಾವು ಮಾಡಬಹುದಾದದ್ದು ಒಂದೇ, ಎಷ್ಟು ಸಲ ಕಳಿಸಿದರೂ ಒಂದೇ ಸಲ ಲೆಕ್ಕಕ್ಕೆ ಬರುವಂತೆ ನೋಡಿಕೊಳ್ಳುವುದು.

ಅದಕ್ಕಾಗಿ ಸಾಲಿಗೆ ಗುರುತಿನ ಸಂಖ್ಯೆ ಕೊಡುವ ಹಕ್ಕನ್ನು ಸರ್ವರಿನಿಂದ ಕಿತ್ತು ಫೋನಿಗೆ ಕೊಟ್ಟೆ. 'ಉಳಿಸು' ಒತ್ತಿದ ಕ್ಷಣವೇ ಫೋನು ಆ ತೂಕಕ್ಕೊಂದು ಯುಯುಐಡಿ, ಅಂದರೆ ಅದಕ್ಕೊಂದಕ್ಕೇ ಮೀಸಲಾದ ಉದ್ದನೆಯ ಗುರುತು, ಹುಟ್ಟಿಸುತ್ತದೆ. 128 ಬಿಟ್‌ಗಳ ಈ ಗುರುತು ಎರಡು ಫೋನುಗಳಲ್ಲಿ ಒಂದೇ ಬರುವ ಸಂಭವ ಲೆಕ್ಕಕ್ಕಿಡದಷ್ಟು ಚಿಕ್ಕದು. ಡೇಟಾಬೇಸಿನಲ್ಲಿ ಅದೇ ಪ್ರಾಥಮಿಕ ಕೀಲಿ, ಅಂದರೆ ಒಂದು ಗುರುತಿಗೆ ಒಂದೇ ಸಾಲು. ಪೋಸ್ಟ್‌ಗ್ರೆಸ್ 9.5ನೇ ಆವೃತ್ತಿಯಿಂದ, ಅಂದರೆ 2016ರಿಂದ, 'ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್' ಎಂಬ ಸೌಲಭ್ಯವಿದೆ, ಆ ಗುರುತಿನ ಸಾಲು ಆಗಲೇ ಇದ್ದರೆ ಸುಮ್ಮನಿರು ಎಂದು ಹೇಳುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಸಾಲು ಮೊದಲೇ ಇದ್ದರೂ ಸರ್ವರ್ ಫೋನಿಗೆ 'ತಪ್ಪು' ಎನ್ನಬಾರದು, 'ಬಂತು' ಎಂದೇ ಹೇಳಬೇಕು. ಇಲ್ಲದಿದ್ದರೆ ಫೋನು ಅದನ್ನು ಜನ್ಮವಿಡೀ ಕಳಿಸುತ್ತಲೇ ಇರುತ್ತದೆ.

ಇದರ ಜೊತೆಗೆ ಬರೆಯುವ ದಾರಿಯನ್ನೇ ತಿರುಗಿಸಿದೆ. ಈಗ ಸಾಲು ಮೊದಲು ಬೀಳುವುದು ಫೋನಿನೊಳಗಿನ ಇಂಡೆಕ್ಸ್ಡ್‌ಡಿಬಿಗೆ, ಅಂದರೆ ಬ್ರೌಸರಿನದೇ ಡೇಟಾಬೇಸಿಗೆ. ಅದು ಉಳಿದ ಕೂಡಲೇ ಪರದೆಯ ಮೇಲೆ ಹಸಿರು ಗುರುತು, ಮುಂದಿನವರ ತೂಕ. ಸರ್ವರಿಗೆ ಕಳಿಸುವುದು ಹಿಂದೆ ಬೇರೆಯಾಗಿ ನಡೆಯುವ ಕೆಲಸ. ತೂಕ ಮಾಡುವವರು ಅದಕ್ಕಾಗಿ ಒಂದು ಕ್ಷಣವೂ ಕಾಯುವುದಿಲ್ಲ. ಲೋಕಲ್‌ಸ್ಟೋರೇಜ್ ಬಿಟ್ಟಿದ್ದಕ್ಕೂ ಕಾರಣವಿತ್ತು. ಅದರಲ್ಲಿ ಸುಮಾರು 5 ಎಂಬಿಯಷ್ಟೇ ಜಾಗ, ಎಲ್ಲವನ್ನೂ ಅಕ್ಷರಮಾಲೆಯಾಗಿ ಇಡಬೇಕು, ಸರ್ವಿಸ್ ವರ್ಕರ್ ಅದನ್ನು ಮುಟ್ಟಲೂ ಆಗದು. ಕ್ರೋಮಿನಲ್ಲಿ ನೆಟ್ ಬಂದಾಗ ಹಿನ್ನೆಲೆಯಲ್ಲೇ ಕಳಿಸುವ ವ್ಯವಸ್ಥೆ ಇದೆ, ಸಫಾರಿ, ಫೈರ್‌ಫಾಕ್ಸ್‌ಗಳಲ್ಲಿ ಇಲ್ಲ. ಹಾಗಾಗಿ ಅದನ್ನು ನೆಚ್ಚದೆ, ಆ್ಯಪ್ ತೆರೆದಾಗೊಮ್ಮೆ, ತೆರೆದಿರುವಾಗ ಆಗಾಗ, 20 ಸಾಲುಗಳ ಚಿಕ್ಕ ಕಂತುಗಳಲ್ಲಿ ಕಳಿಸುವಂತೆ ಬರೆದೆ.

ಚಿಕ್ಕ ಕಂತು ಮಾಡಿದ ಮೇಲೆ ಒಂದು ಸಂಜೆ ಒಂದು ಫೋನಿನಿಂದ ಏನೂ ಬರುವುದು ನಿಂತಿತು. ಯಾರೋ ಚುಕ್ಕಿ ಮರೆತು 23.5ರ ಬದಲು 235 ಕಿಲೋ ಬರೆದಿದ್ದರು. ಸರ್ವರ್ ಅದನ್ನು ಒಪ್ಪದೆ ಇಡೀ ಕಂತನ್ನೇ ತಳ್ಳಿಹಾಕುತ್ತಿತ್ತು, ಹಿಂದಿನ ಸಾಲುಗಳೆಲ್ಲ ಅದರ ಬೆನ್ನಿಗೆ ಸಿಕ್ಕಿಕೊಂಡಿದ್ದವು. ಈಗ ಪ್ರತಿ ಸಾಲಿಗೂ ಬೇರೆ ಉತ್ತರ ಬರುತ್ತದೆ. ಒಪ್ಪದ ಸಾಲು ಪಕ್ಕಕ್ಕೆ ನಿಂತು ಕೆಂಪಾಗುತ್ತದೆ, ಉಳಿದವು ದಾಟುತ್ತವೆ. ತೂಕವನ್ನು ದಶಮಾಂಶದಲ್ಲಿಡದೆ ಗ್ರಾಮಿನ ಪೂರ್ಣಾಂಕವಾಗಿ ಇಡತೊಡಗಿದ್ದೂ ಆಗಲೇ. ಬ್ರೌಸರಿನ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ಕೂಲಿಯ ಲೆಕ್ಕದಲ್ಲಿ ಅದಕ್ಕೆ ಜಾಗ ಕೊಡಬಾರದು.

ಇನ್ನು ಈ ಪ್ರಕರಣದಲ್ಲಿ ನನ್ನ ನಿದ್ದೆ ಕೆಡಿಸಿದ ಭಾಗ. ಎರಡಾಗುವುದು ನಿಂತ ಮೂರನೇ ವಾರ ಒಂದು ಗುಂಪಿನ 14 ಸಾಲುಗಳು ಲೆಕ್ಕದ ಟ್ಯಾಬಿನಲ್ಲಿ ಕಾಣಲಿಲ್ಲ. ಮುಂದಾಳಿನ ಫೋನಿನಲ್ಲಿ ಇವೆ, ಎದುರಿಗೆ 'ತಲುಪಿದೆ' ಎಂಬ ಗುರುತೂ ಇದೆ. ಸರ್ವರಿನಲ್ಲಿ ಹುಡುಕಿದರೆ ಅಲ್ಲಿಯೂ ಇವೆ. ಟ್ಯಾಬಿನಲ್ಲಿ ಮಾತ್ರ ಇಲ್ಲ, ಸರ್ವರಿನಿಂದ ಹೊಸ ಸಾಲು ತರಿಸುವ 'ಸಿಂಕ್' ಎಷ್ಟು ಸಲ ಒತ್ತಿದರೂ ಬರುವುದಿಲ್ಲ.

ಟ್ಯಾಬು ಹೊಸ ಸಾಲುಗಳನ್ನು ಕೇಳುವ ಬಗೆ ಹೀಗಿತ್ತು. ಸರ್ವರ್ ಪ್ರತಿ ಸಾಲಿಗೂ ಏರುವ ಕ್ರಮಸಂಖ್ಯೆ ಹಾಕುತ್ತದೆ. ಟ್ಯಾಬು ತನ್ನಲ್ಲಿರುವ ಕೊನೆಯ ಸಂಖ್ಯೆ ಹೇಳಿ 'ಇದರ ನಂತರದ್ದು ಕೊಡು' ಎನ್ನುತ್ತದೆ. ನೋಡಲು ಎಲ್ಲಿಯೂ ತೂತಿಲ್ಲ. ಆದರೆ ಪೋಸ್ಟ್‌ಗ್ರೆಸ್ ಕ್ರಮಸಂಖ್ಯೆ ಕೊಡುವುದು ಸಾಲು ಬರೆಯುವಾಗ, ವ್ಯವಹಾರ (ಒಂದು ಕಂತಿನ ಬರಹವೆಲ್ಲ ಒಟ್ಟಿಗೇ ಸೇರುವ ಕಟ್ಟು, ಇಂಗ್ಲಿಷಿನ ಟ್ರಾನ್ಸಾಕ್ಷನ್) ಖಾಯಂ ಆದಾಗ ಅಲ್ಲ. ಆ ಸಂಜೆ ನಡೆದದ್ದನ್ನು ಸರ್ವರಿನ ದಾಖಲೆ ನೋಡಿ ಕಟ್ಟಿಕೊಂಡೆ. ನೆಟ್ ತೆವಳುತ್ತಿದ್ದ ಹೊಲದ ಫೋನು ಮೊದಲು ಶುರುಮಾಡಿ 501ರಿಂದ 514ರ ತನಕದ ಸಂಖ್ಯೆಗಳನ್ನು ಹಿಡಿಯಿತು. ಅದರ ವ್ಯವಹಾರ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ರಸ್ತೆ ಬದಿಯ, ನೆಟ್ ಚೆನ್ನಾಗಿದ್ದ ಹೊಲದ ಫೋನು 515ರಿಂದ 526 ಹಿಡಿದು, ಬರೆದು, ಮುಗಿಸಿಯೂ ಬಿಟ್ಟಿತು. ಅದೇ ಹೊತ್ತಿಗೆ ಟ್ಯಾಬು '500ರ ನಂತರದ್ದು ಕೊಡು' ಎಂದಿತು. ಖಾಯಂ ಆಗದ ಸಾಲು ಬೇರೆಯವರಿಗೆ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಸಿಕ್ಕದ್ದು 515ರಿಂದ 526. 'ನನ್ನಲ್ಲಿ 526ರ ತನಕ ಇದೆ' ಎಂದು ಅದು ಬರೆದಿಟ್ಟುಕೊಂಡಿತು. ಆಮೇಲೆ 501ರಿಂದ 514 ಖಾಯಂ ಆದವು. ಟ್ಯಾಬು ಮಾತ್ರ ಇನ್ನೆಂದಿಗೂ 526ರ ಹಿಂದೆ ತಿರುಗಿ ನೋಡುವುದಿಲ್ಲ.

ಕ್ರಮಸಂಖ್ಯೆಯ ಬದಲು ಬರೆದ ವೇಳೆ ಇಟ್ಟುಕೊಂಡರೂ ಇದೇ ಕಥೆ. ಎಷ್ಟೋ ಸಿಂಕ್ ಪಾಠಗಳು 'ಕೊನೆಯ ಬದಲಾವಣೆಯ ವೇಳೆಯ ನಂತರದ್ದನ್ನು ಕೇಳಿ' ಎಂದೇ ಕಲಿಸುತ್ತವೆ. ಒಬ್ಬನೇ ಕೂತು ಪರೀಕ್ಷೆ ಮಾಡಿದರೆ ಈ ತೂತು ಎಂದೂ ಕಾಣದು. ಎರಡು ಫೋನು ಒಟ್ಟಿಗೆ ಬರಬೇಕು, ಒಂದು ನಿಧಾನವಿರಬೇಕು, ನಡುವೆ ಮೂರನೆಯವರು ಓದಬೇಕು. ಹೊತ್ತು ಮುಳುಗುವಾಗ ಐದೂ ಗುಂಪುಗಳು ತೂಕ ಮುಗಿಸಿ ಊರ ಕಡೆ ನಡೆಯುವ ಹೊತ್ತಿನಲ್ಲಿ ಈ ಮೂರೂ ದಿನಾ ಕೂಡಿಬರುತ್ತವೆ.

ಸರಿಪಡಿಸಿದ್ದು ಎರಡು ಕಡೆ. ಮೊದಲನೆಯದು ನನ್ನದೇ ದಡ್ಡತನ. ಫೋನಿನಿಂದ ಸಾಲುಗಳು ಬಂದಂತೆ ಬಂದಂತೆ ವ್ಯವಹಾರದೊಳಗೆ ಬರೆಯುತ್ತಿದ್ದೆ, ಹೀಗಾಗಿ ಹೊಲದ ನಿಧಾನವೆಲ್ಲ ಡೇಟಾಬೇಸಿನೊಳಕ್ಕೆ ಬರುತ್ತಿತ್ತು. ಈಗ ಇಡೀ ಕಂತು ಕೈಸೇರಿದ ಮೇಲೆಯೇ ವ್ಯವಹಾರ ತೆರೆಯುತ್ತೇನೆ, ಕ್ಷಣದಲ್ಲಿ ಮುಗಿಯುತ್ತದೆ. ಎರಡನೆಯದು, ಪೋಸ್ಟ್‌ಗ್ರೆಸ್ಸಿನ ತಯಾರು ಕ್ರಮಸಂಖ್ಯೆ ಬಿಟ್ಟು, ಒಂದೇ ಸಾಲಿನ ಒಂದು ಎಣಿಕೆ ಕೋಷ್ಟಕ ಇಟ್ಟೆ. ಕಂತು ಬರೆಯುವವರು ಅದೇ ವ್ಯವಹಾರದಲ್ಲಿ ಆ ಎಣಿಕೆಯನ್ನು ಏರಿಸಿ ಸಂಖ್ಯೆ ಪಡೆಯಬೇಕು. ಆ ಸಾಲಿನ ಮೇಲಿನ ಬೀಗ ವ್ಯವಹಾರ ಖಾಯಂ ಆಗುವ ತನಕ ಬಿಡುವುದಿಲ್ಲ, ಹಾಗಾಗಿ ಎರಡನೆಯವರು ಕಾಯುತ್ತಾರೆ. ಸಂಖ್ಯೆಯ ಕ್ರಮ, ಕಾಣಿಸಿಕೊಳ್ಳುವ ಕ್ರಮ ಎರಡೂ ಒಂದೇ ಆಗುತ್ತವೆ. ಸಾವಿರಾರು ಜನ ಒಟ್ಟಿಗೆ ಬರೆಯುವ ಕಡೆ ಈ ಬೀಗ ಭಾರವಾದೀತು. ಐದು ಫೋನಿಗೆ ಏನೂ ಅಲ್ಲ. ಇದರ ಮೇಲೆ ಕಾವಲಿಗೊಂದು ತಾಳೆ ಇಟ್ಟಿದ್ದೇವೆ. ದಿನಕ್ಕೆ, ಗುಂಪಿಗೆ ಎಷ್ಟು ಸಾಲು, ಒಟ್ಟು ಎಷ್ಟು ಗ್ರಾಮು ಎಂಬ ಎರಡು ಅಂಕಿಗಳನ್ನು ಸರ್ವರ್ ಕೊಡುತ್ತದೆ. ಟ್ಯಾಬಿನ ಮೊತ್ತಕ್ಕೆ ಅದು ಕೂಡದಿದ್ದರೆ ಆ ದಿನದ್ದನ್ನು ಪೂರ್ತಿ ಹೊಸದಾಗಿ ತರಿಸಿಕೊಳ್ಳುತ್ತದೆ. ಸಂಜೆ ಗಲ್ಲೆ ಮುಚ್ಚುವ ಮೊದಲು ಪ್ರತಿ ಅಂಗಡಿಯವರೂ ಮಾಡುವ ಕೆಲಸ ಇದೇ.

ತಿದ್ದುಪಡಿಯ ವಿಷಯದಲ್ಲಿ ಹಳೆಯ ಖಾತೆ ಪುಸ್ತಕವೇ ನನಗೆ ದಾರಿ ತೋರಿಸಿತು. ಮೊದಲು ತಪ್ಪು ತೂಕವನ್ನು ಯಾರಾದರೂ ಬದಲಿಸಬಹುದಿತ್ತು, ಇಬ್ಬರು ಬದಲಿಸಿದರೆ ಕೊನೆಯವರದು ನಿಲ್ಲುತ್ತಿತ್ತು. ಕೊನೆಯವರು ಯಾರು ಎಂಬುದನ್ನು ಫೋನಿನ ಗಡಿಯಾರ ಹೇಳುತ್ತಿತ್ತು. ಒಂದು ಫೋನಿನ ತಾರೀಖು ಬ್ಯಾಟರಿ ಪೂರ್ತಿ ಇಳಿದ ಮೇಲೆ ಹಿಂದಕ್ಕೆ ಹೋಗಿತ್ತು. ಆ ಫೋನಿನಿಂದ ಮಾಡಿದ ತಿದ್ದುಪಡಿ ಎಷ್ಟು ಮಾಡಿದರೂ ನಿಲ್ಲುತ್ತಿರಲಿಲ್ಲ. ಚದುರಿದ ಯಂತ್ರಗಳಲ್ಲಿ ಯಾವುದು ಮೊದಲು ಎಂಬುದನ್ನು ಗೋಡೆಗಡಿಯಾರ ನೆಚ್ಚಿ ಹೇಳಲಾಗದು ಎಂಬುದನ್ನು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಬಿಡಿಸಿ ಬರೆದಿದ್ದಾರೆ. ಕಾಲೇಜಿನಲ್ಲಿ ಓದಿದ್ದೆ, ಹೊಲದಲ್ಲಿ ಅರ್ಥವಾಯಿತು.

ಈಗ ಬರೆದ ಸಾಲನ್ನು ಯಾರೂ ಬದಲಿಸುವುದಿಲ್ಲ, ಅಳಿಸುವುದಿಲ್ಲ. ತಪ್ಪಿದ್ದರೆ 'ಈ ಗುರುತಿನ ಸಾಲು ರದ್ದು' ಎಂಬ ಹೊಸ ಸಾಲು, ಜೊತೆಗೆ ಸರಿಯಾದ ತೂಕದ ಇನ್ನೊಂದು ಸಾಲು. ರದ್ದು ಮಾಡುವ ಹಕ್ಕು ಲೆಕ್ಕದ ಅಕ್ಕನಿಗೆ ಮಾತ್ರ. ಮುಂದಾಳು ಕೇಳಿಕೊಳ್ಳಬಹುದು. ಹೀಗೆ ಮಾಡಿದ ಕೂಡಲೇ ಘರ್ಷಣೆಯ ಪ್ರಶ್ನೆಯೇ ಬಹುಪಾಲು ಕರಗಿಹೋಯಿತು. ಸೇರಿಸುವುದಷ್ಟೇ ಇರುವ ಪುಸ್ತಕವನ್ನು ಯಾವ ಕ್ರಮದಲ್ಲಿ ಜೋಡಿಸಿದರೂ, ಎಷ್ಟು ಸಲ ಜೋಡಿಸಿದರೂ ಮೊತ್ತ ಒಂದೇ. 2011ರಲ್ಲಿ ಮಾರ್ಕ್ ಶಪಿರೊ ಮತ್ತು ಸಂಗಡಿಗರು ಸಿಆರ್‌ಡಿಟಿ ಎಂದು ಹೆಸರಿಟ್ಟು ವಿವರಿಸಿದ, ಘರ್ಷಣೆಯಿಲ್ಲದೆ ಕೂಡಿಕೊಳ್ಳುವ ದತ್ತಾಂಶ ರಚನೆಗಳಲ್ಲಿ ತೀರ ಸರಳವಾದವುಗಳಲ್ಲಿ ಇದೂ ಒಂದು. ಸರ್ವರಿನ ಕೌಚ್‌ಡಿಬಿ, ಬ್ರೌಸರಿನ ಪೌಚ್‌ಡಿಬಿ ಎಂಬ, ತಮ್ಮಲ್ಲೇ ಸಿಂಕ್ ಆಗುವ ಡೇಟಾಬೇಸ್ ಜೋಡಿಯನ್ನು ಬಳಸಬಾರದೇ ಎಂದು ಗೆಳೆಯರು ಕೇಳಿದ್ದರು. ಒಳ್ಳೆಯ ಜೋಡಿ. ಒಂದೇ ದಾಖಲೆಯನ್ನು ಇಬ್ಬರು ಬದಲಿಸಿದರೆ ಎರಡೂ ರೂಪಗಳನ್ನು ಉಳಿಸಿಕೊಂಡು, ಎಲ್ಲ ಯಂತ್ರಗಳಲ್ಲೂ ಒಂದನ್ನೇ ಮುಂದಿಡುತ್ತದೆ. ಆದರೆ ಸರಿಯಾದದ್ದು ಯಾವುದು ಎಂದು ತೀರ್ಮಾನಿಸುವ ಹೊಣೆ ಆಗಲೂ ನಮ್ಮದೇ. ನಮ್ಮ ಕೆಲಸಕ್ಕೆ ಬದಲಾವಣೆಯನ್ನೇ ಇಲ್ಲವಾಗಿಸುವುದು ಸುಲಭವಾಗಿತ್ತು.

ಹೆಸರುಗಳದ್ದು ಬೇರೆಯೇ ಪಾಡು. ಒಂದು ಗುಂಪಿನಲ್ಲಿ ಮೂವರು ಹುಲಿಗೆಮ್ಮ ಇರುತ್ತಾರೆ. ಒಬ್ಬರನ್ನೇ ಒಂದು ಫೋನಿನಲ್ಲಿ ಹುಲಿಗೆಮ್ಮ ಎಂದೂ ಇನ್ನೊಂದರಲ್ಲಿ ಹುಲಿಗೆವ್ವ ಎಂದೂ ಬರೆದಿರುತ್ತಾರೆ. ಮೇಲಾಗಿ ಕನ್ನಡದ 'ೋ' ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಉಳಿಸುವ ಮೊದಲು ಎನ್‌ಎಫ್‌ಸಿ, ಅಂದರೆ ಬಿಡಿ ಸಂಕೇತಗಳನ್ನು ಕೂಡಿಸಿದ ರೂಪಕ್ಕೆ ತರುವುದು ಒಂದು ಸಾಲಿನ ಕೆಲಸ, ಕನ್ನಡದಲ್ಲಿ ಹುಡುಕಾಟ ಇರುವ ಎಲ್ಲರೂ ಮಾಡಬೇಕಾದದ್ದು. ಒಬ್ಬರೇ ಎರಡು ಗುರುತಾಗಿ ಸೇರಿಬಿಟ್ಟಿದ್ದರೆ ಒಂದನ್ನು ಅಳಿಸುವುದಿಲ್ಲ. 'ಇವರೇ ಅವರು' ಎಂಬ ಸಾಲು ಸೇರಿಸುತ್ತೇವೆ. ಆಗ ಆಫ್‌ಲೈನಿನಲ್ಲಿ ಇನ್ನೂ ಹಳೆಯ ಗುರುತನ್ನೇ ಬಳಸುತ್ತಿರುವ ಫೋನಿನ ತೂಕವೂ ಸರಿಯಾದವರಿಗೇ ಸೇರುತ್ತದೆ.

ಹೊಲಕ್ಕೆ ಹೋಗುವ ಮೊದಲೇ ಸಿಕ್ಕ ಒಂದು ತಪ್ಪನ್ನು ಹೇಳಲೇಬೇಕು, ಏಕೆಂದರೆ ಅದು ಉಳಿದಿದ್ದರೆ ಒಂದು ಗುಂಪಿನ ವಾರದ ಕೂಲಿಯೇ ಮಾಯವಾಗುತ್ತಿತ್ತು. ಲಾಗಿನ್ ಅವಧಿ ಮುಗಿದಿದ್ದರೆ ಸರ್ವರ್ 401, ಅಂದರೆ 'ನೀವು ಯಾರೆಂದು ಮೊದಲು ತೋರಿಸಿ', ಎನ್ನುತ್ತದೆ. ನನ್ನ ಕೋಡ್ ಆಗ ಎಷ್ಟೋ ವೆಬ್‌ಸೈಟುಗಳಂತೆ ಲಾಗ್‌ಔಟ್ ಮಾಡಿ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸುತ್ತಿತ್ತು. ನಾಲ್ಕು ದಿನ ನೆಟ್ ಸಿಗದ ಫೋನಿನಲ್ಲಿ ಕಳಿಸಬೇಕಾದ ಸಾಲುಗಳೆಲ್ಲ ಅಲ್ಲೇ ಇರುತ್ತವೆ! ಈಗ 401 ಬಂದರೆ ಮತ್ತೆ ಲಾಗಿನ್ ಕೇಳುತ್ತದೆ, ಸಾಲುಗಳು ಇದ್ದಲ್ಲೇ ಇರುತ್ತವೆ.

ಬ್ರೌಸರ್ ತಾನಾಗಿ ಅಳಿಸುವ ಅಪಾಯವೂ ಇದೆ. ಫೋನಿನಲ್ಲಿ ಜಾಗ ತೀರಿದರೆ ಬಹಳ ದಿನ ಮುಟ್ಟದ ತಾಣಗಳ ದತ್ತಾಂಶವನ್ನು ಅದು ತೆಗೆಯಬಹುದು. ಆಪಲ್‌ನ ಸಫಾರಿಯಲ್ಲಿ 2020ರಿಂದ, 7 ದಿನ ತಾಣವನ್ನು ಬಳಸದಿದ್ದರೆ ಅದು ಬರೆದಿಟ್ಟ ದತ್ತಾಂಶ ಹೋಗುತ್ತದೆ. ಮುಖಪರದೆಗೆ ಸೇರಿಸಿದ ಆ್ಯಪಿಗೆ ಆ ಕಾಟ ಇಲ್ಲ. ದತ್ತಾಂಶ ಖಾಯಂ ಇರಲಿ ಎಂದು ಕೋಡಿನಿಂದ ಕೇಳಿಕೊಳ್ಳುವ ದಾರಿ ಇದೆ, ಕೇಳಿಕೊಂಡಿದ್ದೇವೆ. ಆದರೆ ವಿಡಿಯೊಗೆ ಜಾಗ ಬೇಕೆಂದು ಮನೆಯ ಹುಡುಗ ಬ್ರೌಸರಿನ ದತ್ತಾಂಶವನ್ನೆಲ್ಲ ಕೈಯಾರೆ ಅಳಿಸಿದರೆ ಯಾವ ಕೋಡೂ ಕಾಯದು. ಆದ್ದರಿಂದ ಆ್ಯಪಿನ ನೆತ್ತಿಯ ಮೇಲೆ 'ಇನ್ನೂ ಕಳಿಸಬೇಕಾದ್ದು: 37' ಎಂದು ಎರಡು ಬೆರಳಗಲದ ಅಂಕಿ ಬರುತ್ತದೆ. ಅದು ಸೊನ್ನೆಯಾಗದೆ ಫೋನನ್ನು ಮನೆಯವರ ಕೈಗೆ ಕೊಡಬಾರದು ಎಂದು ಮುಂದಾಳುಗಳೇ ತಮ್ಮಲ್ಲಿ ಮಾತಾಡಿಕೊಂಡರು. ಊರ ಹೊರಗಿನ ಟಾರು ರಸ್ತೆ ಮುಟ್ಟಿದರೆ ನೆಟ್ ಸಿಗುತ್ತದೆ. ಹತ್ತಿ ಗಂಟು ಹೊತ್ತ ಟ್ರ್ಯಾಕ್ಟರ್ ಅಲ್ಲಿ ಎರಡು ನಿಮಿಷ ನಿಲ್ಲುತ್ತದೆ, ಅಂಕಿ ಇಳಿಯುವುದನ್ನು ಎಲ್ಲರೂ ಬಗ್ಗಿ ನೋಡುತ್ತಾರೆ.

ಹಂಗಾಮಿನ ಕೊನೆಯ ಆರು ವಾರ ನೋಟ್‌ಬುಕ್ಕನ್ನೂ ಜೊತೆಗೇ ಬರೆಸಿದೆವು. ಪ್ರತಿ ಬಟವಾಡೆಗೆ ಮೊದಲು ಎರಡನ್ನೂ ತಾಳೆ ನೋಡಿದೆವು. ಎರಡು ಕಡೆ ವ್ಯತ್ಯಾಸ ಬಂತು, ಎರಡೂ ನೋಟ್‌ಬುಕ್ಕಿನ ಕೂಡಿಕೆಯ ತಪ್ಪು. ಮೊದಲ ದಿನ ದುಡ್ಡು ಮರಳಿಸಲು ಎದ್ದು ಬಂದಿದ್ದ ತಾಯಿ ಈಗ ತೂಕವಾದ ಮೇಲೆ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು ಅಂಕಿ ನೋಡಿಯೇ ಗಂಟು ಇಳಿಸುತ್ತಾರೆ. ಅಕ್ಷರ ಬಾರದಿದ್ದರೂ ಅವರಿಗೆ ಅಂಕಿ ಬರುತ್ತದೆ. ಅದಕ್ಕೆಂದೇ ಪ್ರತಿ ಹೆಸರಿನ ಎದುರು ಆ ದಿನದ ಒಟ್ಟು ಕಿಲೋವನ್ನು ದೊಡ್ಡದಾಗಿ ತೋರಿಸುವಂತೆ ಬದಲಿಸಿದೆ.

ಉಳಿದಿರುವ ತೂತು ಒಂದಿದೆ. ಹೊಲದಿಂದ ರಸ್ತೆಗೆ ಬರುವಷ್ಟರಲ್ಲಿ ಫೋನು ನೀರಿಗೆ ಬಿದ್ದರೆ, ಒಡೆದರೆ ಆ ದಿನದ ಲೆಕ್ಕ ಹೋಯಿತು. ಅದಕ್ಕೆ ಪಕ್ಕದ ಹೊಲದ ಮುಂದಾಳಿನ ಫೋನಿಗೆ ಕ್ಯೂಆರ್ ಚೌಕದ ಮೂಲಕ ನಕಲು ದಾಟಿಸುವ ಯೋಚನೆ ಇದೆ. 30 ಜನ, ಎರಡು ತೂಕ, 60 ಸಾಲು. ಗುರುತಿಗೆ 16 ಬೈಟ್, ಹೆಸರಿನ ಸಂಖ್ಯೆಗೆ 2, ಗ್ರಾಮಿಗೆ 3, ಒಟ್ಟು 1,260 ಬೈಟ್. ಒಂದು ಕ್ಯೂಆರ್ ಚೌಕದಲ್ಲಿ 2,953 ಬೈಟ್ ತನಕ ಹಿಡಿಯುತ್ತದೆ, ಆದರೆ ಅಷ್ಟು ಒತ್ತೊತ್ತಾಗಿ ತುಂಬಿದರೆ ಅಗ್ಗದ ಕ್ಯಾಮೆರಾ ಓದುವುದಿಲ್ಲ. ನಾಲ್ಕಾಗಿ ಒಡೆದು ಒಂದರ ನಂತರ ಒಂದು ತೋರಿಸಬೇಕು. ನಕಲು ಪಡೆದ ಫೋನೂ ಅವೇ ಸಾಲುಗಳನ್ನು ಸರ್ವರಿಗೆ ಕಳಿಸುತ್ತದೆ. ಗುರುತು ಫೋನಿನಲ್ಲೇ ಹುಟ್ಟಿರುವುದರಿಂದ ಎರಡೂ ಕಳಿಸಿದರೂ 18 ಕಿಲೋ 18ಕ್ಕೇ ನಿಲ್ಲುತ್ತದೆ. ಮುಂದಿನ ಹತ್ತಿ ಅರಳುವ ಮೊದಲು ಇದನ್ನು ಬಿಸಿಲಲ್ಲಿ, ಗೀರುಬಿದ್ದ ಗಾಜಿನ ಫೋನುಗಳ ಮೇಲೆ ಪರೀಕ್ಷಿಸಬೇಕಿದೆ.